ಹತ್ತಕ್ಕೊಂದು ಪಾಲು ನೀರು

ಹೆತ್ತವರು ಇಟ್ಟ ಹೆಸರು ಅವನಿಗೂ ಒಂದಿತ್ತು. ಅದು ಹಾಜರಿ ಪುಸ್ತಕದಲ್ಲಿ ಮಾತ್ರ ಉಳಿದಿತ್ತು. ಲಾಂಚು ಹೊಳೆ ದಾಟಿಸುವ ಕಡವಿನ ಎರಡೂ ದಡದಲ್ಲಿ ಜನ ಅವನನ್ನು ಕರೆಯುತ್ತಿದ್ದುದು ದೊಡ್ಡಬಾಯಿ ಎಂದು. ಜಂಬದವನು ಎಂಬ ಅರ್ಥದಲ್ಲಿ ಅಲ್ಲ. ಎದ್ದು ನಿಂತರೆ ತಲೆ ತಗಡಿಗೆ ಬಡಿಯುವಂಥ ಲಾಂಚಿನ ಇಂಜಿನ್ ಕೋಣೆಯಲ್ಲಿ ಇಪ್ಪತ್ತಾರು ವರ್ಷ ಡೀಸೆಲ್ ಇಂಜಿನ್ನಿಗೆ ಸರಿಸಮನಾಗಿ ಕೂಗಿ ಕೂಗಿ ಅವನಿಗೆ ಮೆಲ್ಲಗೆ ಮಾತಾಡುವುದೇ ಮರೆತುಹೋಗಿತ್ತು. ಊಟಕ್ಕೆ ಕೂತು ಉಪ್ಪು ಕಡಿಮೆಯಾಗಿದೆ ಎಂದರೆ ಬೀದಿ ಕೊನೆಯ ದರ್ಜಿಗೆ ಕೇಳಿಸುತ್ತಿತ್ತು.

"ಗೋಡೆಗೂ ಕಿವಿ ಇರುತ್ತಂತೆ. ನಮ್ಮನೆ ಗೋಡೆ ಯಾವತ್ತೋ ಕಿವುಡಾಗಿರಬೇಕು," ಎನ್ನುತ್ತಿದ್ದಳು ಹೆಂಡತಿ.

ಕೆಲಸದಲ್ಲಿ ಮಾತ್ರ ಅವನಿಗೆ ಎದುರಿರಲಿಲ್ಲ. ಇಂಜಿನ್ನಿಗೆ ಬೆನ್ನು ಮಾಡಿ ಕೂತಿದ್ದರೂ ಯಾವ ಸಿಲಿಂಡರು ಮೈಗಳ್ಳತನ ಮಾಡುತ್ತಿದೆ ಎಂಬುದನ್ನು ಕಾಲಡಿಯ ಹಲಗೆಯ ನಡುಕದಿಂದಲೇ ಹೇಳಿಬಿಡುತ್ತಿದ್ದ. ಹೆಂಡತಿಯ ತಮ್ಮನನ್ನು ಕೈಹಿಡಿದು ಈ ಕೆಲಸಕ್ಕೆ ತಂದವನೂ ಅವನೇ. ತಾಯಿಯಿಲ್ಲದ ಆ ತಮ್ಮನನ್ನು ಅಕ್ಕನೇ ಸಾಕಿದ್ದಳು. ಮದುವೆಯಾದಾಗ ಹೆಂಡತಿಯ ಜೊತೆಗೆ ಒಂಬತ್ತು ವರ್ಷದ ಭಾಮೈದನೂ ಮನೆ ತುಂಬಿದ್ದ. ದೊಡ್ಡಬಾಯಿ ಒಂದು ದಿನಕ್ಕೂ ಮುಖ ಸಿಂಡರಿಸಲಿಲ್ಲ, ಅದನ್ನು ಹೇಳಲೇಬೇಕು. ಓದಿಸಿದ, ಸ್ಪ್ಯಾನರ್ ಹಿಡಿಯುವುದನ್ನು ಕಲಿಸಿದ, ಎಣ್ಣೆಯ ವಾಸನೆಯಲ್ಲೇ ಇಂಜಿನ್ನಿನ ಆರೋಗ್ಯ ತಿಳಿಯುವುದನ್ನೂ ಕಲಿಸಿದ. ಈಗ ಭಾಮೈದನಿಗೆ ಮೂವತ್ತು ದಾಟಿತ್ತು. ಎರಡನೆಯ ಲಾಂಚಿಗೆ ಅವನೇ ಇಂಜಿನ್ ಡ್ರೈವರು. ಪಕ್ಕದ ಬೀದಿಯಲ್ಲಿ ಅವನದೇ ಮನೆ, ಹೆಂಡತಿ, ಇಬ್ಬರು ಹೆಣ್ಣುಮಕ್ಕಳು. ಆದರೂ ಯಾರು ಏನು ಕೇಳಲಿ, "ಭಾವ ಹೇಳಿದ್ದಾರೆ" ಎಂದೇ ಮಾತು ಶುರುಮಾಡುತ್ತಿದ್ದ.

ಎಲ್ಲಕ್ಕೂ ಮೂಲ ಹೊಗೆ. ಎರಡೂ ಲಾಂಚುಗಳು ಹಳೆಯವು, ದಡ ಬಿಡುವಾಗ ಉಗುಳುತ್ತಿದ್ದ ಕಪ್ಪು ಹೊಗೆಗೆ ಹಿಂದಿನ ಬೆಂಚಿನವರು ಮುಖ ಮುಚ್ಚಿಕೊಳ್ಳುತ್ತಿದ್ದರು. ಬಿಳಿ ಅಂಗಿ ತೊಟ್ಟು ಹತ್ತಿದ ಮೇಷ್ಟ್ರು ಬೂದಿ ಬಣ್ಣದ ಅಂಗಿಯಲ್ಲಿ ಇಳಿಯುತ್ತಿದ್ದರು. ದೊಡ್ಡಬಾಯಿಯಂತೂ ಬೆಳಿಗ್ಗೆ ಕೆಮ್ಮಿದರೆ ಕಫವೇ ಕಪ್ಪು. ದೂರುಗಳು ಹೋದವು, ಮೇಲಿನಿಂದ ಆದೇಶ ಬಂತು: ಮೂರು ವರ್ಷದೊಳಗೆ ಹೊಗೆ ಇಳಿಯಬೇಕು, ಇಲ್ಲದಿದ್ದರೆ ಲಾಂಚುಗಳನ್ನು ದಡಕ್ಕೆ ಕಟ್ಟಬೇಕು. ಹೊಸ ಇಂಜಿನ್ ಕೊಡಿಸುವ ಮಾತೇ ಇಲ್ಲ ಎಂದು ಕಚೇರಿ ಕೈಚೆಲ್ಲಿ ಕೂತಿತು.

ಹರೆಯದಲ್ಲಿ ಸರಕು ಹಡಗೊಂದರಲ್ಲಿ ಕೆಲಸ ಕಲಿಯುವಾಗ ಅಲ್ಲಿನ ಮುದಿ ಇಂಜಿನಿಯರೊಬ್ಬ ಹೇಳಿದ ಮಾತು ದೊಡ್ಡಬಾಯಿಯ ತಲೆಯಲ್ಲಿ ಕೂತಿತ್ತು. ಡೀಸೆಲ್ಲಿಗೆ ಲೆಕ್ಕವಾಗಿ ನೀರು ಬೆರೆಸಿದರೆ ಹೊಗೆ ಸಾಯುತ್ತದೆ ಎಂದು. ಆದರೆ ಈ ಕಸುಬಿನಲ್ಲಿ 'ಡೀಸೆಲ್ಲಿಗೆ ನೀರು ಹಾಕುವವನು' ಎಂದರೆ ಕಳ್ಳ ಎಂದೇ ಅರ್ಥ. ಹಾಗಾಗಿ ಅವನು ಯಾರಿಗೂ ಬಾಯಿಬಿಡದೆ ಮನೆಯ ಹಿಂದಿನ ತಗಡಿನ ಚಪ್ಪರದಲ್ಲಿ ಕೂತು ಶುರುಮಾಡಿದ. ಹೆಂಡತಿಯ ಗಾಜಿನ ಭರಣಿಗಳು ಒಂದೊಂದಾಗಿ ಮಾಯವಾದವು.

"ಉಪ್ಪಿನಕಾಯಿ ಹಾಕೋ ಭರಣಿಗೆ ಡೀಸೆಲ್ ಹಾಕಿದ್ದೀರಲ್ಲ ರೀ, ತಲೆಗಿಲೆ ಕೆಟ್ಟಿದೆಯಾ?"

"ಕಾದ ಎಣ್ಣೆಗೆ ನೀರಿನ ಹನಿ ಬಿದ್ರೆ ಏನಾಗುತ್ತೆ ಹೇಳು?"

"ಮುಖಕ್ಕೆ ಸಿಡಿಯುತ್ತೆ."

"ಅಷ್ಟೇ. ಇಂಜಿನ್ ಒಳಗೂ ಅದೇ. ಡೀಸೆಲ್ ಹನಿಯೊಳಗೆ ಕೂತ ನೀರು ಬಿಸಿಗೆ ಸಿಡಿದು ಆ ಹನೀನ ಪುಡಿಪುಡಿ ಮಾಡುತ್ತೆ. ಪುಡಿಯಾದದ್ದು ಪೂರ್ತಿ ಉರಿಯುತ್ತೆ. ಅರೆಬರೆ ಉರಿದದ್ದೇ ಕಣೇ ಹೊಗೆ!"

ದರ್ಜಿಗೂ ಅರ್ಥವಾಗುವಷ್ಟು ಜೋರಾಗಿ ಹೇಳಿದ.

ಹೇಳಿದಷ್ಟು ಸುಲಭವಾಗಿರಲಿಲ್ಲ. ಎಣ್ಣೆಗೂ ನೀರಿಗೂ ಎಣ್ಣೆ ಸೀಗೆಕಾಯಿ ಸಂಬಂಧ. ಬಣ್ಣದಂಗಡಿಯಲ್ಲಿ ಸಿಗುವ ಸೋಪಿನ ಗುಣದ ಒಂದು ದ್ರವವನ್ನು ಚೂರೇ ಚೂರು ಸೇರಿಸಿ, ಮೋಟಾರು ಕಟ್ಟಿದ ಕಡೆಗೋಲಿನಿಂದ ಕಡೆದಾಗ ಎರಡೂ ಒಂದಾದವು. ಹತ್ತು ಪಾಲಿನಲ್ಲಿ ಒಂದು ಪಾಲು ನೀರು, ಅದಕ್ಕಿಂತ ಹೆಚ್ಚಾದರೆ ಇಂಜಿನ್ ಸುಸ್ತಾಗುತ್ತದೆ. ಬಂದದ್ದು ಹಾಲಿನಂತೆ ಬೆಳ್ಳಗಿತ್ತು, ಅವನು ಅದಕ್ಕೆ ಹಾಲು ಎಂದೇ ಹೆಸರಿಟ್ಟ. ಒಂದೇ ಕೊರತೆ. ರಾತ್ರಿ ಬೆಳಗಾಗುವುದರೊಳಗೆ, ಜಗಳವಾಡಿದ ಗಂಡಹೆಂಡಿರಂತೆ ಎರಡೂ ಬೇರೆಬೇರೆ ಮಲಗಿರುತ್ತಿದ್ದವು, ನೀರು ಕೆಳಗೆ, ಡೀಸೆಲ್ ಮೇಲೆ. ಆ ತಳದ ನೀರು ಇಂಜಿನ್ನಿಗೆ ಹೋದರೆ ಸಿಲಿಂಡರಿನೊಳಗೆ ಭಾರೀ ಒತ್ತಡದಲ್ಲಿ ಡೀಸೆಲ್ ಚಿಮ್ಮಿಸುವ ಇಂಜೆಕ್ಟರುಗಳ ಮೂತಿಯೇ ಒಡೆದುಹೋಗುತ್ತದೆ.

ಅದಕ್ಕೂ ದಾರಿ ಕಂಡುಕೊಂಡ. ಲಾಂಚಿನಲ್ಲಿ ಎರಡು ಟ್ಯಾಂಕು. ಒಂದರಲ್ಲಿ ಬರೀ ಡೀಸೆಲ್. ಇನ್ನೊಂದರಲ್ಲಿ ಹಾಲು, ಅದಕ್ಕೆ ಮಾತ್ರ ಕಡೆಗೋಲು. ಸಂಜೆಯ ಕೊನೆಯ ಕಾಲು ಗಂಟೆ ಬರೀ ಡೀಸೆಲ್ ಕುಡಿಸಿ ಇಂಜಿನ್ನಿನ ನರನಾಡಿ ತೊಳೆಯಬೇಕು, ಮರುದಿನಕ್ಕೆ ಎರಡೂ ಟ್ಯಾಂಕು ತುಂಬಿಡಬೇಕು. ಬೆಳಿಗ್ಗೆ ಅರ್ಧ ಗಂಟೆ ಹಾಲು ಕಡೆಯಬೇಕು, ಬರೀ ಡೀಸೆಲ್ಲಿನಲ್ಲೇ ಹೊರಟು ಮೊದಲ ಸಲ ಆಚೆ ದಡ ಮುಟ್ಟಿದ ಮೇಲೆ ಹಾಲಿಗೆ ತಿರುಗಿಸಬೇಕು. ಡೆಕ್ಕಿನ ಮೇಲೆ ತುಂಬುವ ಬಾಯಿ ಎರಡು. ಬರೀ ಡೀಸೆಲ್ಲಿನದಕ್ಕೆ ಕೆಂಪು ಮುಚ್ಚಳ, ಹಾಲಿನದಕ್ಕೆ ಹಳದಿ.

ಮೊದಲ ದಿನ ಲಾಂಚು ಹೊಳೆಯ ನಡುವೆ ಹೋಗುವಾಗ ಅವನು ಮೇಲೆ ಬಂದು ಚಿಮಣಿ ನೋಡಿದ. ಕಪ್ಪು ಹೋಗಿ ತೆಳ್ಳನೆ ಬೂದಿ ಬಣ್ಣದ ಎಳೆಯೊಂದು ಉಳಿದಿತ್ತು. ಹಿಂದಿನ ಬೆಂಚಿನಲ್ಲಿ ಮುದುಕಿಯೊಬ್ಬಳು ಅಭ್ಯಾಸಬಲದಿಂದ ಮುಚ್ಚಿದ್ದ ಸೆರಗನ್ನು ಮೆಲ್ಲಗೆ ಮೂಗಿನಿಂದ ಇಳಿಸಿದಳು. ದೊಡ್ಡಬಾಯಿ ಇಂಜಿನ್ ಕೋಣೆಗೆ ಇಳಿದು ಒಬ್ಬನೇ ಕೂತು ಅತ್ತ. ಸುಖಕ್ಕೆ ಅತ್ತದ್ದು ಅವನ ಜನ್ಮದಲ್ಲಿ ಅದೊಂದೇ ಸಲ.

ಆಮೇಲೆ ಬಂದರು ಕನ್ನಡಕದ ಇಂಜಿನಿಯರು. ಕಡವಿನ ಕಚೇರಿಗೆ ಅವರೇ ದೊಡ್ಡವರು. ಅಲ್ಲಿಯವರೆಗೆ ಇಂಜಿನ್ ಕೋಣೆಗೆ ತಲೆ ಹಾಕದಿದ್ದ ಮನುಷ್ಯ ದಿನವೂ ಬಂದು, ಬಗ್ಗಿ ಕೂತು, "ಮೇಸ್ತ್ರಿ, ಇದು ಯಾಕೆ ಹೀಗೆ, ಅದು ಯಾಕೆ ಹಾಗೆ" ಎಂದು ಕೇಳಿ ಬರೆದುಕೊಂಡರು. ದೊಡ್ಡವರೊಬ್ಬರು ಕೇಳುತ್ತಿದ್ದಾರಲ್ಲ ಎಂಬ ಸಡಗರದಲ್ಲಿ ಈ ಹುಂಬ ಹೊಟ್ಟೆಯಲ್ಲಿದ್ದದ್ದನ್ನೆಲ್ಲ ಕಕ್ಕಿದ. ಎರಡು ತಿಂಗಳಿಗೆ ಕಚೇರಿಯ ಗೋಡೆಯ ಮೇಲೆ ಕಟ್ಟುಹಾಕಿದ ಪ್ರಶಸ್ತಿಪತ್ರ ನೇತಾಡಿತು. ಹೊಗೆ ತಗ್ಗಿಸುವ ಹೊಸ ಪದ್ಧತಿ ಕಂಡುಹಿಡಿದದ್ದಕ್ಕೆ, ಇಂಜಿನಿಯರ ಹೆಸರಿಗೆ. ಕೆಳಗೆ ಸಣ್ಣ ಅಕ್ಷರದಲ್ಲಿ 'ಸಿಬ್ಬಂದಿಯ ಸಹಕಾರದೊಂದಿಗೆ'.

ದೊಡ್ಡಬಾಯಿ ಕೈ ಒರೆಸಿಕೊಂಡು ಕೇಳಲು ಹೋದ.

"ಸಾರ್, ನನ್ನ ಹೆಸರು?"

"ಅದೇ ಇದೆಯಲ್ಲ ಮೇಸ್ತ್ರಿ, ಸಿಬ್ಬಂದಿ ಅಂತ. ಒಬ್ಬೊಬ್ಬರ ಹೆಸರೂ ಹಾಕ್ತಾ ಹೋದ್ರೆ ಜಾಗ ಎಲ್ಲಿದೆ?"

ಅಂದಿನಿಂದ ದೊಡ್ಡಬಾಯಿಗೆ ಅನ್ನ ರುಚಿಸಲಿಲ್ಲ. ಅವನಿಗೆ ಬೇಕಾಗಿದ್ದುದು ಬಡ್ತಿಯಲ್ಲ, ಹಾರತುರಾಯಿಯಲ್ಲ. ಎಲ್ಲಾದರೂ ಒಂದು ಕಡೆ, ಇದನ್ನು ಮಾಡಿದವನು ಇಂಥವನು ಎಂದು ಅವನ ಹೆಸರು ಬರೆದಿರಬೇಕು. ಅಷ್ಟೇ. ಆದರೆ ಆ ಅಷ್ಟೇ ಎನ್ನುವುದು ಹೊಟ್ಟೆಯಲ್ಲಿ ಕೂತು ಒಂದೂವರೆ ವರ್ಷ ಕೊರೆಯಿತು. "ಬಿಡಿ ಭಾವ, ಕಡವಿನವರಿಗೆಲ್ಲ ಗೊತ್ತು ಮಾಡಿದ್ದು ಯಾರು ಅಂತ," ಎಂದು ಭಾಮೈದ ಸಮಾಧಾನ ಹೇಳಿದರೆ ಅವನ ಮೇಲೂ ಹರಿಹಾಯುತ್ತಿದ್ದ.

ಆ ಹೊತ್ತಿಗೆ ಬೇರೆ ಕಡವಿನಿಂದ ಅಧಿಕಾರಿಗಳು ಪದ್ಧತಿಯನ್ನು ನೋಡಲು ಬರುತ್ತಾರೆ ಎಂದಾಯಿತು. ಸೋಮವಾರದ ದಿನ. ಫೋಟೋ ತೆಗೆಯುವಾಗ ತಾವೇ ಹಾಲು ಸುರಿಯುವುದಾಗಿ ಇಂಜಿನಿಯರು ಹೇಳಿ ಕಳಿಸಿದರು. ಅದನ್ನು ಕೇಳಿದ್ದೇ ದೊಡ್ಡಬಾಯಿಗೆ ಒಂದು ಕೆಟ್ಟ ಯೋಚನೆ ಹೊಳೆಯಿತು. ಬೆಳಿಗ್ಗೆ ಬೇಗ ಬಂದು, ಕೆಂಪು ಮುಚ್ಚಳ ಬಿಚ್ಚಿ ಹಾಲಿನ ಬಾಯಿಗೆ ಹಾಕಿದ, ಹಳದಿಯನ್ನು ಡೀಸೆಲ್ಲಿನ ಬಾಯಿಗೆ ಹಾಕಿದ. ಅವನಿಗೆ ಬಣ್ಣ ಬೇಕಿರಲಿಲ್ಲ, ಎಡ ಯಾವುದು ಬಲ ಯಾವುದು ಎಂದು ಕಣ್ಣುಮುಚ್ಚಿ ಹೇಳಬಲ್ಲವನು. ಇಂಜಿನಿಯರಿಗೆ ಬಣ್ಣ ಬಿಟ್ಟು ಬೇರೇನೂ ಗೊತ್ತಿರಲಿಲ್ಲ. ಅವರು ಎಲ್ಲರೆದುರು ಹಳದಿ ಮುಚ್ಚಳ ತೆಗೆದು ಡಬ್ಬ ಬಗ್ಗಿಸಬೇಕು, ಆಗ ತಾನು ಎರಡು ದಡಕ್ಕೂ ಕೇಳುವ ಹಾಗೆ "ಸಾರ್, ಅದು ತಪ್ಪು ಟ್ಯಾಂಕು!" ಎಂದು ಕೂಗಬೇಕು. ಪದ್ಧತಿ ಯಾರದು ಎಂದು ಬಂದವರಿಗೆ ತಾನಾಗಿ ತಿಳಿಯುತ್ತದೆ.

ಬರಬೇಕಾದವರು ಸೋಮವಾರ ಬರಲಿಲ್ಲ. ಗುರುವಾರಕ್ಕೆ ಮುಂದೆ ಹೋಯಿತು. ಗುರುವಾರ ಹೇಗೂ ಮತ್ತೆ ಬದಲಿಸಬೇಕಲ್ಲ ಎಂದು ಮುಚ್ಚಳಗಳನ್ನು ಹಾಗೆಯೇ ಬಿಟ್ಟ.

ಮಂಗಳವಾರ ಬೆಳಿಗ್ಗೆ ಆಸ್ಪತ್ರೆಯಿಂದ ಹೇಳಿಕೆ ಬಂತು. ಹೆಂಡತಿಯ ಕಣ್ಣಿನ ಪೊರೆ ತೆಗೆಸುವುದು ಎಷ್ಟೋ ದಿನದಿಂದ ಬಾಕಿಯಿತ್ತು. ಹಾಸಿಗೆ ಖಾಲಿಯಾಗಿದೆ, ಇವತ್ತೇ ಬಂದರೆ ಸರಿ ಎಂದರು. ಎರಡನೆಯ ಲಾಂಚು ರಿಪೇರಿಗೆ ದಡ ಹತ್ತಿದ್ದರಿಂದ ಭಾಮೈದ ಖಾಲಿ ಇದ್ದ, ಓಡಿ ಬಂದ.

"ನೀವು ಅಕ್ಕನ್ನ ಕರ್ಕೊಂಡು ಹೋಗಿ ಭಾವ, ಎರಡು ದಿನ ನಾನು ನೋಡ್ಕೋತೀನಿ. ಕೆಂಪು ಬರೀ ಡೀಸೆಲ್, ಹಳದಿ ಹಾಲು, ಅಷ್ಟೇ ತಾನೆ?"

"ಹ್ಞೂಂ ಹ್ಞೂಂ, ನಿನಗೆಲ್ಲ ಗೊತ್ತಲ್ಲ," ಎಂದ ದೊಡ್ಡಬಾಯಿ. ಹೆಂಡತಿ ಗಾಡಿಯಲ್ಲಿ ಕೂತು ಕಾಯುತ್ತಿದ್ದಳು.

ನೆನಪಾದದ್ದು ಮಧ್ಯಾಹ್ನ ಮೂರು ಗಂಟೆಗೆ, ಆಸ್ಪತ್ರೆಯ ಓಣಿಯ ಬೆಂಚಿನ ಮೇಲೆ. ಆಗಿನ್ನೂ ಜೇಬಿಗೊಂದು ಫೋನು ಬಂದಿರಲಿಲ್ಲ. ಗೇಟಿನ ಹತ್ತಿರ ನಾಣ್ಯ ಹಾಕುವ ಫೋನಿತ್ತು, ಓಡಿ ಹೋಗಿ ತಿರುಗಿಸಿದ. ಕಡವಿನಲ್ಲಿದ್ದುದು ಒಂದೇ ಫೋನು, ಇಂಜಿನಿಯರ ಮೇಜಿನ ಮೇಲೆ. "ಹಲೋ, ಯಾರು?" ಎಂದಿತು ಅವರದೇ ದನಿ. ಹೇಳಬೇಕಾದ ಮಾತು ಚಿಕ್ಕದು. ಮುಚ್ಚಳ ಅದಲುಬದಲಾಗಿದೆ, ಭಾಮೈದನಿಗೆ ಹೇಳಿ ಎಂದರೆ ಮುಗಿಯಿತು. ಆದರೆ ಹೇಳಿದರೆ, ಬದಲಿಸಿದ್ದು ಯಾರು, ಯಾಕೆ ಎಂಬ ಪ್ರಶ್ನೆ ಬರುತ್ತದೆ. ಊರಿಗೆಲ್ಲ ಕೇಳುವ ಗಂಟಲಿನಿಂದ ಒಂದು ಮಾತೂ ಹೊರಡಲಿಲ್ಲ. ಫೋನು ಇಟ್ಟುಬಿಟ್ಟ. ಟ್ಯಾಂಕಿನಲ್ಲಿ ಇನ್ನೂ ಇದ್ದೀತು, ಇವತ್ತು ತುಂಬಲಿಕ್ಕಿಲ್ಲ, ನಾಳೆ ತಾನೇ ಹೋದರಾಯಿತು ಎಂದು ತನಗೆ ತಾನೇ ಹೇಳಿಕೊಂಡ. ಸುಳ್ಳೆಂದು ಅವನಿಗೆ ಗೊತ್ತಿತ್ತು. ಪ್ರತಿ ಸಂಜೆ ತುಂಬಿಡಬೇಕು ಎಂದು ಭಾಮೈದನಿಗೆ ಕಲಿಸಿದವನೇ ಅವನು.

ಭಾಮೈದ ಕಲಿಸಿದ್ದನ್ನು ಚಾಚೂ ತಪ್ಪದೆ ಮಾಡಿದ. ಸಂಜೆ ಹಳದಿಗೆ ಹಾಲು ಸುರಿದ, ಕೆಂಪಿಗೆ ಡೀಸೆಲ್ ಸುರಿದ. ಬೆಳಿಗ್ಗೆ ಕಡೆಗೋಲು ಹಾಕಿ ಅರ್ಧ ಗಂಟೆ ಕಡೆದ. ಕಡೆದದ್ದು ಹೆಚ್ಚುಪಾಲು ಡೀಸೆಲ್ಲನ್ನು. ಪಕ್ಕದ ಟ್ಯಾಂಕಿನಲ್ಲಿ ಹಾಲು ಒಡೆದು ನೀರು ತಳಕ್ಕೆ ಇಳಿದಿತ್ತು. ಕೊಳವೆಯಲ್ಲಿದ್ದ ಹಿಂದಿನ ದಿನದ ಡೀಸೆಲ್ಲಿನಿಂದ ಇಂಜಿನ್ ಹೊರಟಿತು, ಅರವತ್ತು ಜನರನ್ನು ಹೊತ್ತ ಲಾಂಚು ನಡುಹೊಳೆಗೆ ಹೋಗಿ ಎರಡು ಸಲ ಬಿಕ್ಕಿ ನಿಂತಿತು. ಸೆಳೆತ ಅದನ್ನು ಕೆಳಗಡೆಯ ರೈಲು ಸೇತುವೆಯ ಕಂಬದ ಕಡೆಗೆ ಎಳೆಯತೊಡಗಿತು. ಮೇಲೆ ಜನ ಬೊಬ್ಬೆ ಹೊಡೆಯುತ್ತಿದ್ದರು. ಭಾಮೈದ ಇಂಜೆಕ್ಟರೊಂದನ್ನು ಬಿಚ್ಚಿ ಹೊರಗೆ ತಿರುಗಿಸಿ, ಬರುತ್ತಿರುವುದು ಡೀಸೆಲ್ಲೋ ನೀರೋ ತಿಳಿಯಲು ಅಂಗೈ ಒಡ್ಡಿ ಇಂಜಿನ್ ತಿರುಗಿಸಿದ. ಹಾಗೆ ಎಂದೂ ಮಾಡಬಾರದು ಎಂದು ಭಾವ ಸಾವಿರ ಸಲ ಹೇಳಿದ್ದ. ಸೇತುವೆ ಹತ್ತಿರವಾಗುತ್ತಿರುವಾಗ ಯಾವ ಪಾಠ ನೆನಪಿಗೆ ಬರುತ್ತದೆ? ಚುಳ್ಳೆಂದಿತು. ಒರೆಸಿಕೊಂಡು, ಇನ್ನೊಂದು ಟ್ಯಾಂಕಿಗೆ ತಿರುಗಿಸಿ, ಕೊಳವೆಯ ನೀರು ಬಿಡಿಸಿ, ಸರಿ ಉಳಿದಿದ್ದ ಮೂರು ಸಿಲಿಂಡರುಗಳಲ್ಲಿ ಲಾಂಚನ್ನು ದಡಕ್ಕೆ ತಂದ. ಅರವತ್ತು ಜನರಲ್ಲಿ ಒಬ್ಬರಿಗೂ ತರಚುಗಾಯವಾಗಲಿಲ್ಲ.

ಅವನ ಬಲಗೈಯಲ್ಲಿ ಸೂಜಿ ಚುಚ್ಚಿದಷ್ಟು ಗಾಯವಿತ್ತು, ಅಷ್ಟೇ. ಸಂಜೆಗೆ ಕೈ ಊದಿತು. ಆ ಒತ್ತಡದಲ್ಲಿ ಚಿಮ್ಮಿದ ಡೀಸೆಲ್ಲು ಚರ್ಮ ತೂರಿ ಒಳಗೆಲ್ಲ ಹರಡಿದೆ ಎಂದರು ಡಾಕ್ಟರು. ಐದನೆಯ ದಿನ ಎರಡು ಬೆರಳು ಕತ್ತರಿಸಿದರು.

ದೊಡ್ಡಬಾಯಿ ಬುಧವಾರ ಮಧ್ಯಾಹ್ನ ಸುದ್ದಿ ಕೇಳಿ ಓಡಿ ಬಂದ. ಲಾಂಚು ದಡದಲ್ಲಿ ಒಂಟಿಯಾಗಿತ್ತು. ಅವನು ಮೊದಲು ಡೆಕ್ಕಿಗೆ ಹತ್ತಿ ಎರಡು ಮುಚ್ಚಳಗಳನ್ನೂ ಅವುಗಳ ಜಾಗಕ್ಕೆ ಹಾಕಿದ. ಆಮೇಲೆ ಇಳಿದು ಭಾಮೈದ ಎಲ್ಲಿ ಎಂದು ಕೇಳಿದ. ಯಾವುದು ಮೊದಲು ಯಾವುದು ಆಮೇಲೆ ಎಂಬುದು ಮುಂದೆ ಅವನನ್ನು ಜೀವಮಾನವಿಡೀ ತಿಂದಿತು, ತಿನ್ನಲೇಬೇಕಿತ್ತು.

ಮೂರು ವಾರಕ್ಕೆ ವಿಚಾರಣೆ. ದೊಡ್ಡ ಕಚೇರಿಯಿಂದ ಅಧಿಕಾರಿಯೊಬ್ಬರು ಬಂದು ಇಂಜಿನಿಯರ ಮೇಜಿನ ಹಿಂದೆ ಕೂತರು. ಗೋಡೆಯ ಮೇಲಿದ್ದ ಪ್ರಶಸ್ತಿಪತ್ರ ಅಷ್ಟರಲ್ಲಿ ಮೊಳೆ ಬಿಟ್ಟು ಇಳಿದಿತ್ತು. ಇಂಜಿನಿಯರು ಬರೆದುಕೊಟ್ಟಿದ್ದರು: ಈ ಪದ್ಧತಿ ತಮ್ಮದಲ್ಲವೇ ಅಲ್ಲ, ಇಂಜಿನ್ ಡ್ರೈವರ್ ಇಂಥವನದು, ತಾವು ಪ್ರೋತ್ಸಾಹ ಕೊಟ್ಟದ್ದು ಮಾತ್ರ. ಅಧಿಕಾರಿ ಆ ಹಾಳೆಯನ್ನು ದೊಡ್ಡಬಾಯಿಯ ಕಡೆ ತಿರುಗಿಸಿದರು. ತಂದೆಯ ಹೆಸರಿನ ಸಮೇತ ಅವನ ಪೂರ್ತಿ ಹೆಸರು ಟೈಪಾಗಿತ್ತು. ಅಂಥ ಹೊತ್ತಿನಲ್ಲೂ ಅದನ್ನು ನೋಡಿ ಅವನ ಎದೆ ಒಮ್ಮೆ ಉಬ್ಬಿತು.

"ಪದ್ಧತಿ ನಿಮ್ಮದಾ?"

"ಹೌದು ಸಾರ್."

"ಹಾಗಾದ್ರೆ ತಪ್ಪು ಪದ್ಧತೀದಾ, ಮಾಡಿದವನದಾ? ಪದ್ಧತೀದು ಅಂದ್ರೆ ಇವತ್ತಿಗೇ ನಿಲ್ಲಿಸ್ತೀವಿ."

"ಪದ್ಧತಿ ಸರಿ ಇದೆ ಸಾರ್."

"ಆ ಮುಚ್ಚಳಗಳು ಅವುಗಳ ಜಾಗದಲ್ಲೇ ಇದ್ವಾ?"

ಕೈಗೆ ಬ್ಯಾಂಡೇಜು ಸುತ್ತಿಕೊಂಡು ಭಾಮೈದ ಪಕ್ಕದ ಬೆಂಚಿನಲ್ಲೇ ಕೂತಿದ್ದ. ದೊಡ್ಡಬಾಯಿ ಅವನ ಕಡೆ ನೋಡಲಿಲ್ಲ.

"ಇದ್ವು ಸಾರ್."

"ಕೇಳಿಸಲಿಲ್ಲ. ಸ್ವಲ್ಪ ಜೋರಾಗಿ ಹೇಳಿ."

"ಇದ್ವು," ಎಂದ ಅವನು ಇನ್ನೊಮ್ಮೆ.

ಅಧಿಕಾರಿ ಭಾಮೈದನನ್ನು ಕೇಳಿದರು. ಅವನು ತನ್ನ ಕೈಯನ್ನೇ ನೋಡುತ್ತ, "ನಾನು ಹೇಳೋದು ಏನೂ ಇಲ್ಲ ಸಾರ್," ಎಂದ.

ಅಜಾಗರೂಕತೆ ಎಂದು ತೀರ್ಮಾನವಾಯಿತು. ಭಾಮೈದನ ಇಂಜಿನ್ ಡ್ರೈವರ್ ಪರವಾನಗಿ ಹೋಯಿತು. ಇಂಜಿನಿಯರಿಗೆ ಬೇರೆ ಕಡೆಗೆ ವರ್ಗವಾಯಿತು. ಪದ್ಧತಿ ಉಳಿಯಿತು, ಎರಡನೆಯ ಲಾಂಚಿಗೂ ಬಂತು. ಎರಡೂ ಇಂಜಿನ್ ಕೋಣೆಗಳ ಬಾಗಿಲಿಗೆ ತಗಡಿನ ಫಲಕ ಹೊಡೆದು ದೊಡ್ಡಬಾಯಿಯ ಹೆಸರನ್ನು ದಪ್ಪಕ್ಷರದಲ್ಲಿ ಬರೆಸಿದರು. "ಬಡವ ಸಾರ್, ಕೈ ಬೇರೆ ಹೋಗಿದೆ, ಏನಾದರೊಂದು ಕೆಲಸ ಕೊಡಿ" ಎಂದು ದೊಡ್ಡಬಾಯಿಯೇ ಹೋಗಿ ಬೇಡಿ, ಭಾಮೈದನನ್ನು ಲಾಂಚಿನ ಬಾಯಲ್ಲಿ ಟಿಕೆಟ್ ಹರಿಯುವ ಕೆಲಸಕ್ಕೆ ಹಾಕಿಸಿದ. ಎಂಥ ದೊಡ್ಡ ಮನಸ್ಸು ಎಂದು ಜನ ಹೊಗಳಿದರು. ಹೆಂಡತಿಯಂತೂ ತಮ್ಮನನ್ನು ಎದುರಿಗೆ ಕೂರಿಸಿಕೊಂಡು ಛೀಮಾರಿ ಹಾಕಿದಳು. "ಬೆರಳು ಹಿಡಿದು ನಡೆಯೋದು ಕಲಿಸಿದ ಭಾವನ ಹೆಸರಿಗೆ ಮಸಿ ಬಳೀತಿದ್ದೆಯಲ್ಲೋ! ಎರಡು ಬಣ್ಣ ನೋಡಿ ಸುರಿಯೋಕೆ ಆಗಲಿಲ್ವಾ ನಿನಗೆ?" ತಮ್ಮ ತಲೆ ತಗ್ಗಿಸಿ ಕೇಳಿಸಿಕೊಂಡ. ದೊಡ್ಡಬಾಯಿ ಒಳಕೋಣೆಯಲ್ಲಿ ಕೂತು ಕೇಳಿಸಿಕೊಂಡ.

ಹೀಗೆ ನಾಲ್ಕು ವರ್ಷ ಹೋಯಿತು. ಆ ಫಲಕದ ಕೆಳಗೆ ತಲೆ ಬಗ್ಗಿಸಿ ದಿನವೂ ಕೆಲಸಕ್ಕೆ ಇಳಿಯುತ್ತಿದ್ದ ಮನುಷ್ಯ ಒಂದು ದಿನಕ್ಕೂ ಕತ್ತೆತ್ತಿ ಅದನ್ನು ಓದಲಿಲ್ಲ. ಭಾಮೈದ ಮನೆಗೆ ಬರುವುದು ಕಡಿಮೆಯಾಯಿತು, ಬಂದರೆ ಅಕ್ಕನ ಹತ್ತಿರ ಕೂತು ಹೋಗುತ್ತಿದ್ದ. ದೊಡ್ಡಬಾಯಿ ನಿವೃತ್ತನಾದ. ತಿಂಗಳು ಕಳೆದ ಮೇಲೆ ಆಚೆ ದಡದಲ್ಲಿ ಏನೋ ಕೆಲಸ ಬಿದ್ದು, ಜನ್ಮದಲ್ಲಿ ಮೊದಲ ಸಲ ಟಿಕೆಟ್ ತೆಗೆದುಕೊಂಡು ಸಾಲಿನಲ್ಲಿ ನಿಂತ. ಭಾಮೈದ ಉಳಿದ ಮೂರು ಬೆರಳಿನಲ್ಲಿ ಟಿಕೆಟ್ ಒತ್ತಿ ಹಿಡಿದು ಎಡಗೈಯಿಂದ ಹರಿಯುತ್ತಿದ್ದ. ಆ ಕೈಯನ್ನೇ ನೋಡುತ್ತ ದೊಡ್ಡಬಾಯಿ ತನ್ನ ಟಿಕೆಟ್ ಚಾಚಿದ.

"ಆ ಮುಚ್ಚಳ ಬದಲಾಯಿಸಿದ್ದು ನಾನೇ ಕಣೋ," ಎಂದ.

ಭಾಮೈದ ತಲೆ ಎತ್ತಲಿಲ್ಲ. "ಗೊತ್ತು. ಅವತ್ತು ದಡ ಮುಟ್ಟಿ ಡೆಕ್ಕಿಗೆ ಬಂದಾಗಲೇ ನೋಡಿದೆ, ಹಳದಿ ಡೀಸೆಲ್ ಬಾಯಿಗಿತ್ತು. ಮಾರನೇ ದಿನ ನೋಡಿದ್ರೆ ಸರಿಯಾಗಿತ್ತು. ಮುಚ್ಚಳಕ್ಕೇನು ಕಾಲಿದೆಯಾ ಭಾವ?"

"ಮತ್ತೆ... ವಿಚಾರಣೇಲಿ ಯಾಕೋ ಹೇಳಲಿಲ್ಲ?"

"ನೀವು ಹೇಳ್ತೀರ ಅಂತ ಕಾದೆ. ಅವರು ಎರಡನೇ ಸಲ ಕೇಳಿದಾಗಲೂ ಕಾದೆ." ಟಿಕೆಟಿನ ಒಂದು ಚೂರನ್ನು ಡಬ್ಬಕ್ಕೆ ಹಾಕಿ, ಇನ್ನೊಂದನ್ನು ದೊಡ್ಡಬಾಯಿಯ ಅಂಗೈಗಿಟ್ಟು, ಮಿಕ್ಕ ಪ್ರಯಾಣಿಕರಿಗೆ ಹೇಳುವ ದನಿಯಲ್ಲೇ ಹೇಳಿದ:

"ಮುಂದೆ ನಡೀರಿ ಸಾರ್, ಹಿಂದೆ ಜನ ನಿಂತಿದ್ದಾರೆ."